ಇದು ಪೊಲೀಸ್ ಡಿಎಸ್‌ಪಿ ಅಲ್ಲ, ಐದನೇ ಸೆಮಿಸ್ಟರಿನ ಡಿಎಸ್‌ಪಿ



ಡಿಎಸ್‌ಪಿ ಅಂದ ತಕ್ಷಣ ನಮ್ಮವರಿಗೆ ನೆನಪಾಗೋದು ಅಟ್ರಾಸಿಟಿ ಕೇಸು. ಆ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ ಅಂತ ನಿಯಮ ಇರೋದರಿಂದ ಆ ಕಚೇರಿ ಮುಂದಿನ ಮರದ ನೆರಳು ನಮಗೆಲ್ಲ ಚೆನ್ನಾಗಿ ಗೊತ್ತು. ಇವತ್ತು ಬರೀತಿರೋದು ಇನ್ನೊಂದು ಡಿಎಸ್‌ಪಿ ಬಗ್ಗೆ. ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್. ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಹೆಚ್ಚಾಗಿ ಐದನೇ ಸೆಮಿಸ್ಟರಿನಲ್ಲಿ ಬರುವ ಪೇಪರು. ನಮ್ಮ ಕೇರಿಗಳಿಂದ ಹೋದ ಮಕ್ಕಳ ಬಾಯಲ್ಲಿ "ಬ್ಯಾಕ್ ಉಳೀತು ಅಣ್ಣ" ಅನ್ನೋ ಮಾತು ಬಂದಾಗ ಮುಂದಿನ ಪ್ರಶ್ನೆ ಕೇಳಿ ನೋಡಿ. ಒಂದು ಎಂ-3, ಇಲ್ಲ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್, ಇಲ್ಲ ಇದು.

ನಾನು ಬಿ.ಎ. ಮಾಡಿದವನು. ಕಚೇರಿಯಲ್ಲಿ ಟಪಾಲು, ಕಡತ, ಬಿಲ್ಲು ನೋಡ್ಕೊಂಡಿರೋ ಗುಮಾಸ್ತ. ನಿನಗ್ಯಾಕಪ್ಪ ಇದು ಅಂತ ಕೇಳೋರಿಗೆ ಉತ್ತರ ಇಷ್ಟೇ: ಎರಡು ವರ್ಷದಿಂದ ನಮ್ಮ ಏರಿಯಾದ ಅಂಬೇಡ್ಕರ್ ಭವನದಲ್ಲಿ ಭಾನುವಾರ ಭಾನುವಾರ ಹುಡುಗ್ರನ್ನ ಕೂರಿಸಿ ಈ ಪಾಠ ಮಾಡಿಸ್ತಿದ್ದೀವಿ. ಪಾಠ ಮಾಡೋದು ಬೆಂಗಳೂರಿನಲ್ಲಿ ಚಿಪ್ ಕಂಪನಿಯಲ್ಲಿರುವ, ನಮ್ಮ ಪಕ್ಕದ ಊರಿನ ಹೆಣ್ಣುಮಗಳು. ಹುಡುಗರು ಅವಳನ್ನ ಅಕ್ಕ ಅಂತಾರೆ. ನಾನು ಟೀ ತರಿಸಿ, ಹಿಂದೆ ಕೂತು ಕೇಳಿದವನು. ಕೇಳ್ತಾ ಕೇಳ್ತಾ ನನಗೆ ಗಟ್ಟಿಯಾದ ಒಂದು ಮಾತಿದೆ. ಈ ವಿಷಯ ಕಷ್ಟದ್ದಲ್ಲ ಅಂತ ನಾನು ಹೇಳಲ್ಲ. ಆದರೆ ಇದನ್ನ ತಲೆಕೆಳಗಾಗಿ ಕಲಿಸ್ತಾರೆ. ಹಾಗೆ ಕಲಿಸಿದಾಗ ಮೊದಲು ಉದುರೋದು ಮನೆಯಲ್ಲಿ ಹೇಳಿಕೊಡೋರಿಲ್ಲದ, ಟ್ಯೂಷನ್ ದುಡ್ಡಿಲ್ಲದ ಮಕ್ಕಳು. ಅವರು ಯಾರು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ವಿಷಯ ಏನು ಅಂತ ಮೊದಲು ಹೇಳ್ತೀನಿ. ದನಿ, ಬೆಳಕು, ನಾಡಿಬಡಿತ, ಭೂಕಂಪದ ನಡುಕ ಇವೆಲ್ಲ ನಿಲ್ಲದೆ ಬದಲಾಗ್ತಾ ಹರಿಯೋ ಸಂಗತಿಗಳು. ಕಂಪ್ಯೂಟರಿಗೆ ಹರಿಯೋದು ತಿಳಿಯಲ್ಲ, ಸಂಖ್ಯೆ ಮಾತ್ರ ತಿಳಿಯುತ್ತೆ. ಹಾಗಾಗಿ ಇಷ್ಟು ಹೊತ್ತಿಗೊಂದು ಸಲ ಅಳೆದು ಬರೆದುಕೊಳ್ಳಬೇಕು. ಅದೇ ಸ್ಯಾಂಪ್ಲಿಂಗ್. ಎಷ್ಟು ಹೊತ್ತಿಗೊಂದು ಸಲ ಅಳೀಬೇಕು ಅನ್ನೋದು ಈ ಪೇಪರಿನ ಮೊದಲ ದೊಡ್ಡ ಪ್ರಶ್ನೆ.

ನಮ್ಮ ಭಾಷೇಲಿ ಹೇಳೋದಾದ್ರೆ, ಒಂದು ಹಾಸ್ಟೆಲ್ ಅಂತ ಇಟ್ಕೊಳ್ಳಿ. ಅಲ್ಲಿ ಸೋಮವಾರ ಮಾತ್ರ ಮೊಟ್ಟೆ ಹಾಕ್ತಾರೆ. ತಪಾಸಣೆ ಸಾಹೇಬರು ಬರೋದೂ ಪ್ರತಿ ಸೋಮವಾರವೇ. ವರ್ಷಪೂರ್ತಿ ಬಂದರೂ ಅವರ ಡೈರಿಯಲ್ಲಿ ಏನಿರುತ್ತೆ? ಮೊಟ್ಟೆ ಇದೆ, ಮೊಟ್ಟೆ ಇದೆ, ಮೊಟ್ಟೆ ಇದೆ. ಅವರು ಸುಳ್ಳು ಬರೆದಿಲ್ಲ, ಕಂಡದ್ದನ್ನೇ ಬರೆದಿದ್ದಾರೆ. ಆದರೂ ವರದಿ ಸುಳ್ಳು. ವಾರಕ್ಕೊಮ್ಮೆ ಏರಿಳಿಯೋ ಸಂಗತಿಯನ್ನ ವಾರಕ್ಕೊಮ್ಮೆಯೇ ಅಳೆದರೆ ಅದು ಏರಿಳಿತವೇ ಇಲ್ಲದ ನೇರ ಗೆರೆಯ ವೇಷ ಹಾಕಿಕೊಂಡು ಬರುತ್ತೆ. ಇದಕ್ಕೆ ಅಲಿಯಾಸಿಂಗ್ ಅಂತಾರೆ. ಪೊಲೀಸ್ ಎಫ್‌ಐಆರ್‌ನಲ್ಲಿ "ಅಲಿಯಾಸ್" ಅಂತ ಬರುತ್ತಲ್ಲ, ಅದೇ ಪದ. ಆ ಏರಿಳಿತ ಹಿಡೀಬೇಕಾದ್ರೆ ಒಂದು ಸುತ್ತಿಗೆ ಎರಡು ಸಲಕ್ಕಿಂತ ಹೆಚ್ಚು ಹೋಗಿ ನೋಡಬೇಕು. ನೈಕ್ವಿಸ್ಟ್, ಶ್ಯಾನನ್ ಅಂತ ಪುಸ್ತಕದಲ್ಲಿ ಬರೋ ಸಿದ್ಧಾಂತದ ಜೀವಾಳ ಇಷ್ಟೇ. ಅಕ್ಕ ಇದನ್ನ ಹೇಳಿದ ದಿನ, ಮೂರು ಸಲ ಪರೀಕ್ಷೆ ಬರೆದಿದ್ದ ಹುಡುಗ "ಇಷ್ಟೇನಾ?" ಅಂದ. ಅವನು ಆ ಸಿದ್ಧಾಂತದ ಪ್ರೂಫನ್ನ ಒಂದೂವರೆ ಪುಟ ಬಾಯಿಪಾಠ ಮಾಡಿದ್ದ, ಕಾಮಾ ಸಮೇತ.

ಮನುಷ್ಯರ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನದವರೆಗೆ ಕೇಳುತ್ತೆ. ಅದಕ್ಕೇ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಅಳೀತಾರೆ. ಹಳೆಯ ಟೆಲಿಫೋನಿನಲ್ಲಿ ಅಳೀತಿದ್ದದ್ದು 8,000 ಸಲ ಮಾತ್ರ. 3,400ರ ಮೇಲಿನ ಕಂಪನವನ್ನ ಲೈನಿಗೆ ಹೋಗೋ ಮುಂಚೆಯೇ ಕತ್ತರಿಸ್ತಿದ್ರು. ನಮ್ಮ "ಸ"ಕಾರದ ಬಲ ಹೆಚ್ಚಾಗಿ ಇರೋದು 4,000ದ ಮೇಲೆ. ಫೋನಲ್ಲಿ ಹೆಸರು ಹೇಳುವಾಗ ಸ, ಫ ಗಲಿಬಿಲಿ ಆಗೋದು ಅದಕ್ಕೇ. "ಶ" ಅನ್ನೋಕೆ ಬರಲ್ಲ, "ಸ" ಅಂತಾರೆ ಅಂತ ನಮ್ಮಪ್ಪಂದಿರನ್ನ ಆಡಿಕೊಂಡು ನಕ್ಕವರು ದಶಕಗಟ್ಟಲೆ ಮಾತಾಡಿದ್ದು ಆ ಸಕಾರವನ್ನೇ ನುಂಗಿಹಾಕೋ ಲೈನಿನಲ್ಲಿ. ಈ ವಿಷಯ ತಿಳಿದ ದಿನ ನಾನು ಒಬ್ಬನೇ ಕೂತು ನಕ್ಕಿದ್ದೀನಿ.

ಈಗ ಪರೀಕ್ಷೆಗೆ ಬನ್ನಿ. ಗೈಡುಗಳಲ್ಲಿ, ನೋಟ್ಸುಗಳಲ್ಲಿ ಎಲ್ಲಿ ನೋಡಿದ್ರೂ ಸಿಗೋ ಒಂದು ಲೆಕ್ಕ ಇದೆ. 1, 2, 3, 4, 4, 3, 2, 1 ಈ ಎಂಟು ಸಂಖ್ಯೆಗೆ 8 ಪಾಯಿಂಟ್ ಎಫ್‌ಎಫ್‌ಟಿ ಮಾಡಿ. ಹುಡುಗರು ಚಿಟ್ಟೆಯ ರೆಕ್ಕೆ ಥರದ ಚಿತ್ರ ಬರೀತಾರೆ, ಟ್ವಿಡಲ್ ಫ್ಯಾಕ್ಟರ್ ಹಾಕ್ತಾರೆ, ಮೊದಲ ಉತ್ತರ 20, ಎರಡನೆಯದು ಮೈನಸ್ 5.828 ಮೈನಸ್ ಜೆ 2.414, ಮೂರನೆಯದು ಸೊನ್ನೆ ಅಂತ ಒಪ್ಪಿಸ್ತಾರೆ. ಒಬ್ಬ ಹುಡುಗನನ್ನ ಅಕ್ಕ ಕೇಳಿದಳು, ಆ 20 ಎಲ್ಲಿಂದ ಬಂತು? ಅವನು ಚಿಟ್ಟೆ ಚಿತ್ರದಲ್ಲಿ ಹಿಂದಕ್ಕೆ ಹೋಗಿ ಹೋಗಿ ಹುಡುಕಿದ. ಎಂಟೂ ಸಂಖ್ಯೆ ಕೂಡಿಸು ಅಂದಳು. 20. ಮೊದಲ ಉತ್ತರ ಅಂದ್ರೆ ಬರೀ ಮೊತ್ತ. ಎಂಟರಿಂದ ಭಾಗಿಸಿದರೆ 2.5, ಸರಾಸರಿ. ಮತ್ತೆ ಆ ಸಂಖ್ಯೆಗಳು 1ರಿಂದ ಹತ್ತಿ 4ಕ್ಕೆ ಹೋಗಿ ಮತ್ತೆ 1ಕ್ಕೆ ಇಳೀತವೆ, ಒಂದೇ ಒಂದು ಗುಡ್ಡ. ಎಂಟು ಮನೆಯಲ್ಲಿ ಒಂದು ಸಲ ಏರಿ ಇಳಿಯೋ ಅಲೆ ಎಷ್ಟಿದೆ ಅಂತ ಹೇಳೋದು ಎರಡನೆಯ ಉತ್ತರ. ಅದಕ್ಕೇ ಮೊತ್ತ ಬಿಟ್ಟರೆ ಅದೇ ದೊಡ್ಡದು. ಇದನ್ನ ಹೇಳೋಕೆ ಅಕ್ಕನಿಗೆ ಐದು ನಿಮಿಷ ಸಾಕಾಯ್ತು. ಮೊತ್ತ, ಸರಾಸರಿ ಅಂದ್ರೆ ನನ್ನಂಥ ಗುಮಾಸ್ತನಿಗೂ ಗೊತ್ತಾಗೋ ಮಾತು. ಹುಡುಗರಿಗೆ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಇದನ್ನ ಯಾರೂ ಹೇಳಿರಲಿಲ್ಲ.

ಈ ಎಫ್‌ಎಫ್‌ಟಿ ಯಾಕೆ ಬೇಕಾಯ್ತು ಅನ್ನೋದೂ ಪಾಠದಲ್ಲಿ ಬರಲ್ಲ. 1,024 ಸಂಖ್ಯೆ ಇದ್ದರೆ ನೇರ ದಾರಿಯಲ್ಲಿ ಹತ್ತು ಲಕ್ಷದ ನಲವತ್ತೆಂಟು ಸಾವಿರ ಚಿಲ್ಲರೆ ಗುಣಾಕಾರ. ಸಮ, ಬೆಸ ಅಂತ ಎರಡು ಕಟ್ಟು ಮಾಡಿ, ಅವನ್ನೂ ಮತ್ತೆ ಎರಡೆರಡು ಮಾಡಿ, ಒಂದು ಸಲ ಮಾಡಿದ ಲೆಕ್ಕವನ್ನೇ ಮತ್ತೆ ಮತ್ತೆ ಬಳಸಿದರೆ 5,120ರಲ್ಲಿ ಮುಗಿಯುತ್ತೆ. ಕೂಲಿ, ಟ್ಯೂಕಿ ಅನ್ನೋ ಇಬ್ಬರು 1965ರಲ್ಲಿ ಇದನ್ನ ಪ್ರಕಟಿಸಿದ್ರು. ಅದರ ಹಿಂದೆ ಇದ್ದದ್ದು ಶೀತಲ ಸಮರ. ಸೋವಿಯತ್ತಿನವರು ನೆಲದಡಿ ಅಣುಬಾಂಬ್ ಸಿಡಿಸಿದ್ರೆ ದೂರದಲ್ಲಿ ಇಟ್ಟ ಭೂಕಂಪಮಾಪಕದಿಂದ ಗುರುತಿಸೋದು ಹೇಗೆ ಅನ್ನೋ ಚಿಂತೆ. ಅಂದ್ರೆ ಈ ಗಣಿತ ಯಾರದೋ ಅವಸರದಿಂದ ಹುಟ್ಟಿದ್ದು, ಆಕಾಶದಿಂದ ಉದುರಿದ ಮಂತ್ರ ಅಲ್ಲ. ಆದರೆ ನಮ್ಮ ತರಗತಿಗಳಲ್ಲಿ ಇದನ್ನ ಮಂತ್ರದ ಥರಾನೇ ಹೇಳಿಕೊಡ್ತಾರೆ. ಅರ್ಥ ಕೇಳಬಾರದು, ಸ್ವರ ತಪ್ಪಬಾರದು. ಈ ಪದ್ಧತಿ ಎಲ್ಲಿಂದ ಬಂದದ್ದು ಅಂತ ನಮಗೆ ಗೊತ್ತು.

ಇನ್ನೊಂದು ಸಂಗತಿ. ನಮ್ಮ ಮಕ್ಕಳಲ್ಲಿ ತುಂಬಾ ಜನ ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್ಕಿಗೆ ಹೋಗ್ತಾರೆ. ಮೂರು ವರ್ಷಕ್ಕೆ ಕೈಗೆ ಕೆಲಸ ಬರುತ್ತೆ ಅನ್ನೋ ಲೆಕ್ಕ. ಆಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷದ ಎಂಜಿನಿಯರಿಂಗಿಗೆ ಬರ್ತಾರೆ. ಅವರಿಗೆ ಪಿಯುಸಿಯ ಗಣಿತವೂ ಇಲ್ಲ, ಮೊದಲ ವರ್ಷದ ಎಂ-1, ಎಂ-2 ಕೂಡ ಇಲ್ಲ. ಅದನ್ನ ತುಂಬಿಸೋಕೆ ಅಂತ ಹೆಚ್ಚುವರಿ ಗಣಿತದ ಪೇಪರು ಇಟ್ಟಿದ್ರು, ಹುಡುಗರ ಬಾಯಲ್ಲಿ "ಮ್ಯಾಟ್ ಡಿಪ್". ಪಾಸಾಗಲೇಬೇಕು, ಆದರೆ ಕ್ರೆಡಿಟ್ ಇಲ್ಲ. ಕ್ರೆಡಿಟ್ ಇಲ್ಲದ ಪೇಪರಿಗೆ ಎಷ್ಟು ಕ್ಲಾಸು ನಡೆಯುತ್ತೆ, ಯಾರನ್ನ ಪಾಠಕ್ಕೆ ಹಾಕ್ತಾರೆ ಅಂತ ಊಹಿಸ್ಕೊಳ್ಳಿ. ಹೀಗೆ ಬಂದ ಹುಡುಗನ ಮುಂದೆ ಡಿಎಸ್‌ಪಿಯ ಮೊದಲ ದಿನವೇ ಸಂಕೀರ್ಣ ಸಂಖ್ಯೆಯ ಘಾತ ಬರೆದು ನಿಲ್ಲಿಸ್ತಾರೆ. ಅವನಿಗೆ ಸೋಲ್ಡರಿಂಗ್ ಬರುತ್ತೆ, ಸರ್ಕ್ಯೂಟ್ ಓದೋಕೆ ಬರುತ್ತೆ, ಪಿಯುಸಿಯಿಂದ ಬಂದ ಹತ್ತು ಜನಕ್ಕೆ ಬಾರದ ಕೈಚಳಕ ಇದೆ. ಅದ್ಯಾವುದಕ್ಕೂ ಆ ಕ್ಲಾಸಿನಲ್ಲಿ ಬೆಲೆ ಇಲ್ಲ.

ಮತ್ತೆ ಲ್ಯಾಬ್ ವೈವಾ. ನಮ್ಮಕ್ಕನ ಮಗನ ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಮೊದಲು ಕೇಳಿದ್ದು "ಯಾವ ಕೋಟಾ ನೀನು?" ಎರಡನೆಯದು "ಅಪ್ಪ ಏನು ಮಾಡ್ತಾರೆ?" ಫಿಲ್ಟರ್ ಬಗ್ಗೆ ಪ್ರಶ್ನೆ ಬರೋ ಹೊತ್ತಿಗೆ ಹುಡುಗನ ಗಂಟಲು ಒಣಗಿತ್ತು. ಕಾಲೇಜಿನ ಹೆಸರು ಬರೆಯಲ್ಲ, ಅವನು ಇನ್ನೂ ಅಲ್ಲೇ ಓದ್ತಿದ್ದಾನೆ. ಬರವಣಿಗೆ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಹೆಸರು ಮುಚ್ಚಿರುತ್ತೆ. ವೈವಾದಲ್ಲಿ ಮುಖ ಎದುರಿಗಿರುತ್ತೆ, ಹೆಸರು ಇರುತ್ತೆ, ಮಾತಿನ ಧಾಟಿ ಇರುತ್ತೆ. ಇಂಟರ್ನಲ್ಸ್ ಅಂಕವೂ ಹಾಗೇ. ಬಾಬಾಸಾಹೇಬರಿಗೆ ಶಾಲೆಯಲ್ಲಿ ಸಂಸ್ಕೃತ ಕಲಿಯೋಕೆ ಬಿಡದೆ ಪರ್ಷಿಯನ್ ತಗೊಳ್ಳೋ ಹಾಗೆ ಮಾಡಿದ್ರು. ಈಗ ಯಾವ ವಿಷಯಕ್ಕೂ ಬೇಡ ಅನ್ನಲ್ಲ, ಒಳಗೆ ಬಿಟ್ಟು ಬ್ಯಾಕ್‌ಲಾಗ್ ಕೊಟ್ಟು ಕಳಿಸ್ತಾರೆ. ಕ್ಯಾಂಪಸ್ಸಿಗೆ ಬರೋ ಕಂಪನಿ ನೋಟಿಸಿನಲ್ಲಿ "ಬ್ಯಾಕ್‌ಲಾಗ್ ಇರಬಾರದು" ಅಂತ ಒಂದು ಸಾಲು ಸಾಕು, ನಮ್ಮ ಹುಡುಗ್ರು ಹಾಲ್‌ನ ಹೊರಗೇ ಉಳೀತಾರೆ. ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂತು, ಡಿಎಸ್‌ಪಿ ಚಿಪ್‌ಗೇ ಹೆಸರಾದ ಕಂಪನಿ. ನಾಲ್ಕು ದಶಕದಿಂದ ಈ ವಿದ್ಯೆಯ ಕೆಲಸ ನಮ್ಮ ರಾಜಧಾನಿಯಲ್ಲೇ ಇದೆ. ಒಂದೇ ಒಂದು ಪೇಪರು ಎಷ್ಟು ಮನೆಗಳ ಸಂಬಳ ತಡೀತಿದೆ ಅನ್ನೋದು ಮೀಸಲಾತಿ ಚರ್ಚೆಯಲ್ಲಿ ಬರಬೇಕಾದ ಲೆಕ್ಕ.

ಹಾಗಾದ್ರೆ ಹೇಗೆ ಕಲಿಸಬೇಕು? ಕಿವಿಯಿಂದ ಶುರು ಮಾಡಬೇಕು. ನಾವು ಭವನದಲ್ಲಿ ಮಾಡಿದ್ದನ್ನ ಹೇಳ್ತೀನಿ. ಒಂದು ತಮಟೆ ತಂದ್ವಿ. ಕಾಯಿಸದೆ ಒಂದು ಏಟು ಹೊಡೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ವಿ. ಆಮೇಲೆ ಹುಲ್ಲು ಹೊತ್ತಿಸಿ ಕಾಯಿಸಿ ಇನ್ನೊಂದು ಏಟು. ಆಡಾಸಿಟಿ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದರಲ್ಲಿ ಎರಡರದ್ದೂ ಸ್ಪೆಕ್ಟ್ರಮ್ ತೆಗೆದ್ವಿ. ತೇವ ಆರಿ ಚರ್ಮ ಬಿಗಿಯಾಗಿ, ಶಿಖರಗಳು ಬಲಕ್ಕೆ ಸರಿದಿದ್ದವು. ನಮ್ಮಜ್ಜ ಕಿವಿಯಲ್ಲಿ ಮಾಡ್ತಿದ್ದದ್ದನ್ನೇ ಈ ಪರದೆ ತೋರಿಸ್ತಿದೆ ಅಂತ ಹುಡುಗರಿಗೆ ಹೇಳಬೇಕಾಗಲಿಲ್ಲ, ಅವರೇ ಅಂದ್ರು. ಆಮೇಲೆ ಅಕ್ಕ ಇನ್ನೊಂದು ಹೇಳಿದಳು. ಗುಂಡಗೆ ಬಿಗಿದ ಚರ್ಮದ ಕಂಪನಗಳು 1, 2, 3 ಅಂತ ಸಾಲಾಗಿ ಬರಲ್ಲ, ಲೆಕ್ಕದ ಪ್ರಕಾರ 1, 1.59, 2.14 ಹೀಗೆ ಸೊಟ್ಟಸೊಟ್ಟಗೆ ಬರ್ತವೆ. ಅದಕ್ಕೇ ತಮಟೆಗೆ ಶ್ರುತಿ ಹೇಳೋಕಾಗಲ್ಲ. ಮೃದಂಗದಲ್ಲಿ ನಡುವೆ ಕಪ್ಪು ಕರಣೆ ಹಾಕ್ತಾರಲ್ಲ, ಆ ಭಾರದಿಂದ ಕಂಪನಗಳು ಹತ್ತಿರ ಹತ್ತಿರ 1, 2, 3, 4, 5 ಆಗಿ ಸಾಲಿಗೆ ಬರ್ತವೆ. ಸಿ.ವಿ. ರಾಮನ್ ಇದನ್ನ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದ್ರು, ಬೆಂಗಳೂರಿಗೆ ಬಂದ ಮೇಲೆ 1930ರ ದಶಕದಲ್ಲಿ ಮತ್ತೆ ವಿಸ್ತಾರವಾಗಿ ಬರೆದ್ರು. ದೊಡ್ಡ ಕೆಲಸ, ಒಪ್ಪಲೇಬೇಕು. ಆದರೆ ಆ ಕರಣೆ ಎಷ್ಟು ದಪ್ಪ ಇರಬೇಕು, ಎಷ್ಟು ಪದರ ಹಾಕಿ ಎಷ್ಟು ಉಜ್ಜಬೇಕು ಅಂತ ಕಂಡುಕೊಂಡವರು ಯಾರು? ದನದ ಚರ್ಮ ಮುಟ್ಟಿದವರು. ಟಿ.ಎಂ. ಕೃಷ್ಣ ಅವರು ಮೃದಂಗ ಮಾಡುವ ದಲಿತ ಮನೆತನಗಳ ಬಗ್ಗೆಯೇ 2020ರಲ್ಲಿ "ಸೆಬಾಸ್ಟಿಯನ್ ಅಂಡ್ ಸನ್ಸ್" ಅಂತ ಪುಸ್ತಕ ಬರೆದಿದ್ದಾರೆ, ಓದಿ. ವಾದ್ಯ ವೇದಿಕೆ ಮೇಲೆ ಹೋಯ್ತು, ಮಾಡಿದವನು ಹಿಂಬಾಗಿಲಲ್ಲೇ ಉಳಿದ.

ಇಲ್ಲಿ ನಮ್ಮವರೇ ಕೆಲವರು ಸಿಟ್ಟಾಗ್ತಾರೆ ಅಂತ ಗೊತ್ತು. "ತಮಟೆ ಬಿಡಿ ಅಂತ ಹೋರಾಟ ಮಾಡಿದ್ದೀವಿ, ಸಾವಿಗೆ ಬಡಿಯಲ್ಲ, ಡಂಗುರ ಸಾರಲ್ಲ ಅಂತ ಬಹಿಷ್ಕಾರ ತಿಂದಿದ್ದೀವಿ, ನೀನು ಎಂಜಿನಿಯರಿಂಗ್ ಹುಡುಗನ ಕೈಗೆ ಮತ್ತೆ ತಮಟೆ ಕೊಡ್ತೀಯಾ?" ನ್ಯಾಯವಾದ ಪ್ರಶ್ನೆ. ಬಿಟ್ಟಿ ಚಾಕರಿಯ ತಮಟೆ ಬಿಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಡೆಯೋದು ಬೇರೆ, ಅಳೆಯೋದು ಬೇರೆ. ಅಳೆಯುವವನ ಜಾಗದಲ್ಲಿ ನಮ್ಮ ಹುಡುಗ ಕೂರಬೇಕು ಅಂತ ನಾನು ಹೇಳ್ತಿರೋದು. ತಮಟೆ ಬೇಡ ಅಂದ್ರೆ ಬಸ್ಸಿನ ಹಾರ್ನ್ ತನ್ನಿ, ಮಗುವಿನ ಅಳು ತನ್ನಿ, ಹಿಟ್ಟಿನ ಗಿರಣಿ ತನ್ನಿ. ಲೆಕ್ಕ ಒಂದೇ.

ಫಿಲ್ಟರ್ ಅನ್ನೋದನ್ನ ನಾನು ಜರಡಿ ಅಂತ ಹೇಳ್ತೀನಿ, ಅಕ್ಕ ತಲೆ ಚಚ್ಚಿಕೊಳ್ತಾಳೆ. ಅವಳು ಕೊಟ್ಟ ಉದಾಹರಣೆ ಇನ್ನೂ ಚೆನ್ನಾಗಿದೆ. ಕೊರೊನಾ ಕಾಲದಲ್ಲಿ ಪತ್ರಿಕೆಯಲ್ಲಿ ದಿನದ ಕೇಸುಗಳ ಜೊತೆ ಏಳು ದಿನದ ಸರಾಸರಿ ಅಂತ ಒಂದು ಗೆರೆ ಹಾಕ್ತಿದ್ರು. ಭಾನುವಾರ ಟೆಸ್ಟ್ ಕಡಿಮೆ, ಹಾಗಾಗಿ ವಾರಕ್ಕೊಂದು ಸಲ ಲೆಕ್ಕ ಸುಮ್ಮನೆ ಕುಸೀತಿತ್ತು. ಏಳು ದಿನ ಕೂಡಿಸಿ ಏಳರಿಂದ ಭಾಗಿಸಿದ್ರೆ ಆ ವಾರದ ಕುಣಿತ ಮಾಯ, ರೋಗದ ನಿಜವಾದ ಏರಿಕೆ ಮಾತ್ರ ಉಳೀತಿತ್ತು. ಅದೇ ಲೋ ಪಾಸ್ ಫಿಲ್ಟರ್. ಐದೇ ದಿನದ ಸರಾಸರಿ ತಗೊಂಡಿದ್ರೆ ಆ ಕುಣಿತ ಪೂರ್ತಿ ಹೋಗ್ತಿರಲಿಲ್ಲ. ಯಾಕೆ ಏಳೇ ಆಗಬೇಕು ಅಂತ ಒಬ್ಬ ಹುಡುಗ ಹೇಳಬಲ್ಲ ಅಂದ್ರೆ ಅವನಿಗೆ ಅರ್ಧ ಪೇಪರು ಬಂದ ಹಾಗೆ.

ಕೊರೊನಾ ಅಂದೆ, ಅದೇ ನೆನಪಿನಲ್ಲಿ ಮುಖ್ಯವಾದ ಒಂದು ಮಾತು. ಬೆರಳಿಗೆ ಹಾಕ್ತಿದ್ವಲ್ಲ ಆಕ್ಸಿಮೀಟರ್, ಅದೂ ಡಿಎಸ್‌ಪಿಯೇ. ಕೆಂಪು ಬೆಳಕು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಎರಡನ್ನೂ ಬೆರಳಿನ ಮೂಲಕ ಹಾಯಿಸಿ, ಅದರಲ್ಲಿ ನಾಡಿಯ ಜೊತೆ ಮಿಡಿಯೋ ಸಣ್ಣ ಏರಿಳಿತವನ್ನ ಮಾತ್ರ ಸೋಸಿ ತೆಗೆದು, ಎರಡರ ಅನುಪಾತ ನೋಡಿ, ಮೊದಲೇ ಮಾಡಿಟ್ಟ ಒಂದು ಪಟ್ಟಿಯ ಪ್ರಕಾರ ಶೇಕಡಾ ಇಷ್ಟು ಆಮ್ಲಜನಕ ಅಂತ ತೋರಿಸುತ್ತೆ. ಆ ಪಟ್ಟಿ ಮಾಡೋದು ಸ್ವಯಂಸೇವಕರ ಬೆರಳು ಅಳೆದು. ಯಾರ ಬೆರಳು? 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದ್ರು: ಯಂತ್ರ 92ರಿಂದ 96 ತೋರಿಸ್ತಾ ಇದ್ದಾಗ, ರಕ್ತ ಪರೀಕ್ಷೆಯಲ್ಲಿ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದ ಸಂದರ್ಭ ಬಿಳಿಯರಲ್ಲಿ ಶೇ. 3.6, ಕಪ್ಪು ಜನರಲ್ಲಿ ಶೇ. 11.7. ಮೂರು ಪಟ್ಟಿನ ಹತ್ತಿರ. ಯಂತ್ರ ಸುಮ್ಮನೆ "ಪರವಾಗಿಲ್ಲ" ಅಂದಿತ್ತು. ಯಂತ್ರಕ್ಕೆ ಜಾತಿ ಇಲ್ಲ, ಬಣ್ಣ ಇಲ್ಲ ಅಂತ ಭಾಷಣ ಮಾಡೋರಿಗೆ ಇದನ್ನ ಓದಿ ಹೇಳಿ. ಆ ಪಟ್ಟಿ ಮಾಡೋ ಕೋಣೆಯಲ್ಲಿ ನಮ್ಮವರೊಬ್ಬರು ಇದ್ದು "ನಮ್ಮ ಬೆರಳು ಅಳೆದಿದ್ದೀರಾ?" ಅಂತ ಕೇಳಬೇಕಾದ್ರೆ ಮೊದಲು ಈ ಪೇಪರ್ ಪಾಸಾಗಿ ಆ ಕೋಣೆಗೆ ಹೋಗಬೇಕು. ಅಟ್ರಾಸಿಟಿ ಕೇಸುಗಳೇ ಸಾಲಾಗಿರುವಾಗ ಇದೇನು ಎಫ್‌ಎಫ್‌ಟಿ ಅಂತ ಹೋದ ತಿಂಗಳು ಸಭೆಯಲ್ಲಿ ಕೇಳಿದ ಅಣ್ಣಂದಿರಿಗೆ ನನ್ನ ಉತ್ತರ ಇದೇ.

ಭಾಷೆಯ ವಿಷಯ ಬಿಟ್ಟರೆ ಪೋಸ್ಟು ಅರ್ಧ ಆಗುತ್ತೆ. 2021ರಲ್ಲಿ ಎಐಸಿಟಿಇ ಕನ್ನಡದಲ್ಲೂ ಎಂಜಿನಿಯರಿಂಗ್ ಕಲಿಸಬಹುದು ಅಂತು. ನಮ್ಮಲ್ಲಿ ಎರಡು ಗುಂಪು. ಇಂಗ್ಲಿಷೇ ಬಿಡುಗಡೆ, ಕನ್ನಡ ಮಾಧ್ಯಮ ಅಂದ್ರೆ ನಮ್ಮನ್ನ ಮತ್ತೆ ಹಳ್ಳಿಗೆ ಕಟ್ಟಿಹಾಕೋ ಹಗ್ಗ ಅನ್ನೋರು ಒಂದು ಕಡೆ. ಅವರ ಅನುಮಾನಕ್ಕೆ ಕಾರಣ ಇದೆ, ಕನ್ನಡ ಕನ್ನಡ ಅನ್ನೋ ಎಷ್ಟೋ ಜನರ ಮಕ್ಕಳು ಎಲ್ಲಿ ಓದ್ತಾರೆ ಅಂತ ನೋಡಿದ್ದೀವಿ. ಇನ್ನೊಂದು ಕಡೆ ಪಾರಿಭಾಷಿಕ ಪದದ ಪಂಡಿತರು. ಡಿಎಸ್‌ಪಿಗೆ "ಅಂಕೀಯ ಸಂಕೇತ ಸಂಸ್ಕರಣೆ" ಅಂತಾರೆ. ಸಂಸ್ಕಾರ ಅನ್ನೋ ಪದದಿಂದ ನಮ್ಮ ಮಕ್ಕಳಿಗೆ ಆಗಿರೋದು ಸಾಕು ಸ್ವಾಮಿ. ಫಿಲ್ಟರ್ ಫಿಲ್ಟರಾಗೇ ಇರಲಿ, ಸ್ಯಾಂಪಲ್ ಸ್ಯಾಂಪಲ್ಲಾಗೇ ಇರಲಿ, ಪರೀಕ್ಷೆಯನ್ನೂ ಇಂಗ್ಲಿಷಿನಲ್ಲೇ ಬರೀಲಿ. ಆ ಪದದ ಅರ್ಥ ಏನು, ಆ ಲೆಕ್ಕ ಯಾಕೆ ಅನ್ನೋ ಮಾತು ಮಾತ್ರ ಮನೆಯ ಕನ್ನಡದಲ್ಲಿ ಆಗಲಿ. ಹುಡುಗ ಕನ್ನಡದಲ್ಲಿ ಪ್ರಶ್ನೆ ಕೇಳಿದಾಗ ಕ್ಲಾಸು ನಗದೇ ಇರಲಿ. ನಾನು ಕಂಡಂತೆ, ಪ್ರಶ್ನೆ ಕೇಳೋಕೆ ಆಗದ ಭಾಷೆಯಲ್ಲಿ ಯಾರೂ ಕಲಿತಿಲ್ಲ.

ಪಾಠಕ್ಕೆ ಬರ ಏನಿಲ್ಲ. ಎಂಐಟಿಯ ಅಲನ್ ಓಪನ್‌ಹೈಮ್ 1975ರಲ್ಲಿ ಮಾಡಿದ ಡಿಎಸ್‌ಪಿ ಪಾಠದ ವಿಡಿಯೊಗಳು ಇವತ್ತೂ ಪುಕ್ಕಟೆ ಸಿಗ್ತವೆ. ನಮ್ಮ ಐಐಟಿಗಳ ಎನ್‌ಪಿಟಿಇಎಲ್ ಪಾಠಗಳಿವೆ. ಮ್ಯಾಟ್‌ಲ್ಯಾಬ್ ಲೈಸೆನ್ಸಿಗೆ ದುಡ್ಡಿಲ್ಲದಿದ್ರೆ ಆಕ್ಟೇವ್ ಇದೆ, ಪೈಥಾನ್ ಇದೆ, ಎರಡಕ್ಕೂ ಕಾಸಿಲ್ಲ. ನಮ್ಮ ಮಕ್ಕಳಿಗೆ ಸರ್ಕಾರದ ಲ್ಯಾಪ್‌ಟಾಪೂ ಎಷ್ಟೋ ಕಡೆ ಸಿಕ್ಕಿದೆ, ಅದರಲ್ಲಿ ಸಿನಿಮಾ ಬಿಟ್ಟು ಇನ್ನೇನು ಮಾಡಬಹುದು ಅಂತ ಹೇಳೋರು ಸಿಕ್ಕಿಲ್ಲ. ಇಲ್ಲದಿರೋದು ಪಕ್ಕದಲ್ಲಿ ಕೂರೋ ಒಬ್ಬ ಮನುಷ್ಯ. ಮೇಲ್ಜಾತಿಯ ಮನೆಯಲ್ಲಿ ಅದು ಚಿಕ್ಕಪ್ಪ, ಸೋದರಮಾವ, ಪಕ್ಕದ ಮನೆ ಪ್ರೊಫೆಸರ್. ನಮಗೆ ಅದನ್ನ ದುಡ್ಡು ಕೊಟ್ಟೇ ಏರ್ಪಾಡು ಮಾಡಬೇಕು. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಇರೋದು ಯಾತಕ್ಕೆ? ರಸ್ತೆಗೆ, ಚರಂಡಿಗೆ ಆ ಹಣ ತಿರುಗಿಸೋದನ್ನ ನಿಲ್ಲಿಸಿ, ಲ್ಯಾಟರಲ್ ಎಂಟ್ರಿಯಲ್ಲಿ ಬರೋ ನಮ್ಮ ಮಕ್ಕಳಿಗೆ ಕಾಲೇಜು ಶುರುವಾಗೋ ಮುಂಚೆ ಎರಡು ತಿಂಗಳು ಸಂಕೀರ್ಣ ಸಂಖ್ಯೆ, ತ್ರಿಕೋನಮಿತಿ, ಸ್ವಲ್ಪ ಪೈಥಾನ್ ಕಲಿಸೋ ಶಿಬಿರ ಮಾಡಿ. ಊಟ, ವಸತಿ, ಸ್ಟೈಪೆಂಡ್ ಸಮೇತ. ವೈವಾದಲ್ಲಿ ಪ್ರಶ್ನೆ ಚೀಟಿ ಎತ್ತಿಸಿ, ಕೇಳಿದ್ದು, ಹೇಳಿದ್ದು ರೆಕಾರ್ಡ್ ಆಗಲಿ. ಪ್ರತಿ ಹುಡುಗನ ಜೇಬಿನಲ್ಲೂ ರೆಕಾರ್ಡರ್ ಇರೋ ಕಾಲ ಇದು, ಆಗಲ್ಲ ಅನ್ನೋಕೆ ನೆಪ ಇಲ್ಲ. ಮನವಿಯ ಕರಡು ನಾನೇ ಟೈಪ್ ಮಾಡಿಟ್ಟಿದ್ದೀನಿ, ಜಿಲ್ಲಾ ಸಮಿತಿಯವರು ನೋಡಿ ತಿದ್ದಿ ಕೊಟ್ಟರೆ ಮುಂದಿನ ವಾರ ಸಹಿ ಸಂಗ್ರಹ ಶುರು ಮಾಡೋಣ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ಭವನದಲ್ಲಿ ಕ್ಲಾಸ್ ಇದೆ, ವಿಷಯ ಸರ್ಕ್ಯುಲರ್ ಕನ್ವಲ್ಯೂಷನ್. ಇಯರ್‌ಫೋನ್ ತನ್ನಿ, ಹಳೆ ಪ್ರಶ್ನೆಪತ್ರಿಕೆ ಇದ್ರೆ ತನ್ನಿ. ಹೆಣ್ಣುಮಕ್ಕಳು ಕಡಿಮೆ ಬರ್ತಿದ್ದಾರೆ, ಸಂಜೆ ಬಸ್ಸಿನ ಸಮಸ್ಯೆ ಇರೋದಕ್ಕೆ ಮೂರು ಗಂಟೆಗೇ ಮುಗಿಸ್ತೀವಿ ಅಂತ ಮನೆಯವರಿಗೆ ಹೇಳಿ. ಎಲೆಕ್ಟ್ರಾನಿಕ್ಸ್ ಓದಿ ಕೆಲಸದಲ್ಲಿರುವ ನಮ್ಮ ತಮ್ಮಂದಿರು, ತಂಗಿಯರು ಇದನ್ನ ಓದ್ತಿದ್ರೆ ತಿಂಗಳಿಗೊಂದು ಭಾನುವಾರ ಸಾಕು, ಇನ್‌ಬಾಕ್ಸ್‌ಗೆ ಬನ್ನಿ. ಅಕ್ಕ ಒಬ್ಬಳೇ ಎಷ್ಟು ಅಂತ ಮಾಡ್ತಾಳೆ.